ಸುಲ್ತಾನನ ಅಭಯ: ಮೊರಾಕೊ ಯಹೂದಿಗಳ ಚರಿತ್ರೆ ಬರೆದವರ ಹಾದಿ

ಫೆಜ್ ನಗರದ ಯಹೂದಿಗಳನ್ನು 1438ರಲ್ಲಿ ಹಳೆಯ ಪೇಟೆಯಿಂದ ಎಬ್ಬಿಸಿ ಅರಮನೆಯ ಮಗ್ಗುಲಿಗೆ ತಂದು ಕೂರಿಸಲಾಯಿತು. ಮೊರಾಕೊದ ಮೊದಲ ‘ಮೆಲ್ಲಾ’ ಅದು, ಗೋಡೆಯೊಳಗಿನ ಯಹೂದಿ ಕೇರಿ. ಗೋಡೆ ಎದ್ದದ್ದು ಅವರನ್ನು ಕಾಯಲಿಕ್ಕೋ ಕೂಡಿಹಾಕಲಿಕ್ಕೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆ ದೇಶದ ದೊರೆಗಳಿಗೂ ಯಹೂದಿಗಳಿಗೂ ಇದ್ದ ನಂಟಿನ ಬಗ್ಗೆ ನಡೆದ ಸಂಶೋಧನೆಯಲ್ಲಿ ಬಹುಪಾಲು ಈ ಜಗಳದ ವಿಸ್ತರಣೆಯೇ.

ನಂಟಿನ ಕಟ್ಟುಪಾಡು ಹೀಗಿತ್ತು: ಯಹೂದಿಗಳು ಜಿಜಿಯಾ ತೆರಿಗೆ ಕೊಟ್ಟು, ಮುಸ್ಲಿಮರಿಗಿಂತ ಕೆಳಗಿನ ಅಂತಸ್ತನ್ನು ಒಪ್ಪಿಕೊಳ್ಳಬೇಕು. ಪ್ರತಿಯಾಗಿ ಅವರ ಪ್ರಾಣ, ಆಸ್ತಿ, ಪೂಜೆ, ರಬ್ಬಿಗಳ ನ್ಯಾಯಪೀಠ ಎಲ್ಲಕ್ಕೂ ಸುಲ್ತಾನನ ಅಭಯ. ಅಭಯ ಧರ್ಮಶಾಸ್ತ್ರದ್ದಾದರೂ ಅದನ್ನು ನಡೆಸುತ್ತಿದ್ದವನು ಒಬ್ಬ ಮನುಷ್ಯ. ಅವನು ಬಿದ್ದ ದಿನ ಅಭಯವೂ ಬೀಳುತ್ತಿತ್ತು. 1465ರಲ್ಲಿ ಫೆಜ್‌ನ ದಂಗೆಕೋರರು ಸುಲ್ತಾನ ಅಬ್ದ್ ಅಲ್-ಹಕ್ಕನನ್ನೂ ಅವನ ಯಹೂದಿ ಮಂತ್ರಿ ಹಾರೂನನನ್ನೂ ಕೊಂದರು. ಮೆಲ್ಲಾದಲ್ಲಿ ಹತ್ಯಾಕಾಂಡ ನಡೆಯಿತು. 1790ರಲ್ಲಿ ಪಟ್ಟಕ್ಕೆ ಬಂದ ಮೌಲಾಯ್ ಯಜೀದನ ಕಾಲದಲ್ಲಂತೂ ಬೇಲಿಯೇ ಎದ್ದು ಹೊಲ ಮೇಯ್ದಿತು: ತೆತುವಾನಿನ ಯಹೂದಿಗಳ ಮನೆಗಳನ್ನು ಸೈನಿಕರು ದೋಚಿದ್ದು ಅವನ ಅಪ್ಪಣೆಯಿಂದಲೇ.

ಇದನ್ನೆಲ್ಲ ಮೊದಲು ಬರೆದಿಟ್ಟವರು ಒಳಗಿನವರು. ಫೆಜ್‌ನ ಇಬ್ನ್ ದನಾನ್ ಮನೆತನದ ರಬ್ಬಿಗಳು ತಮ್ಮ ಊರಿನ ಸುಖದುಃಖಗಳ ವೃತ್ತಾಂತವನ್ನು ತಲೆಮಾರಿನಿಂದ ತಲೆಮಾರಿಗೆ ಬರೆದುಕೊಂಡು ಬಂದರು. ಇಟಲಿಯ ಹೀಬ್ರೂ ಲೇಖಕ ಸ್ಯಾಮುಯೆಲ್ ರೊಮನೆಲ್ಲಿ ಮೊರಾಕೊದಲ್ಲಿ ಸಿಕ್ಕಿಹಾಕಿಕೊಂಡು, ಯಜೀದನ ಆಳ್ವಿಕೆಯ ಆರಂಭವನ್ನು ಅಲ್ಲಿದ್ದೇ ಕಂಡು, 1792ರಲ್ಲಿ ಬರ್ಲಿನ್ನಿನಲ್ಲಿ ತನ್ನ ಪ್ರವಾಸಕಥನ ಅಚ್ಚು ಹಾಕಿಸಿದ. 19ನೇ ಶತಮಾನದಲ್ಲಿ ಲೇಖನಿ ಯುರೋಪಿನ ಯಹೂದಿ ಸಂಸ್ಥೆಗಳ ಕೈಗೆ ಹೋಯಿತು. ಪ್ಯಾರಿಸ್ಸಿನ ಅಲಿಯಾನ್ಸ್ ಇಸ್ರೇಲಿತ್ ಯೂನಿವರ್ಸೆಲ್ ತನ್ನ ಮೊದಲ ಶಾಲೆಯನ್ನು 1862ರಲ್ಲಿ ತೆತುವಾನಿನಲ್ಲಿ ತೆರೆಯಿತು. ಎರಡೇ ವರ್ಷಕ್ಕೆ ಬ್ರಿಟನ್ನಿನ ಮೋಸೆಸ್ ಮಾಂಟೆಫಿಯೋರೆ ಬಂದು, ಯಹೂದಿಗಳನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕೆಂಬ ಫರ್ಮಾನನ್ನು ಸುಲ್ತಾನ ನಾಲ್ಕನೆಯ ಮುಹಮ್ಮದನಿಂದ ಬರೆಸಿಕೊಂಡ. ಅಲಿಯಾನ್ಸ್ ಮೇಷ್ಟ್ರುಗಳು ಪ್ಯಾರಿಸ್ಸಿಗೆ ಬರೆದ ಕಾಗದಗಳನ್ನು ಮುಂದಿನ ಇತಿಹಾಸಕಾರರು ನಿಧಿಯಂತೆ ಬಳಸಿದರು. ಆದರೆ ಮೇಲಧಿಕಾರಿಗಳಿಗೂ ದಾನಿಗಳಿಗೂ ತಲುಪಬೇಕಾದ ಕಾಗದದಲ್ಲಿ ಕಷ್ಟದ ಪಾಲು ತುಸು ಹೆಚ್ಚೇ ಇರುತ್ತದೆ ಎಂಬ ಎಚ್ಚರ ಎಲ್ಲರಿಗೂ ಇರಲಿಲ್ಲ.

1970ರ ದಶಕದ ವಾಗ್ವಾದದ ಬೇರು ಇಲ್ಲಿದೆ. ಸೆಫ್ರೂ ಎಂಬ ಸಣ್ಣ ಊರಿನಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಲಾರೆನ್ಸ್ ರೋಸನ್‌ಗೆ ವ್ಯಾಪಾರ, ಸಾಲ, ನೆರೆಹೊರೆಗಳಲ್ಲಿ ಹೆಣೆದುಕೊಂಡ ಬಾಳು ಕಂಡಿತು. ಅದೇ ಊರನ್ನು ಬಲ್ಲ ಇತಿಹಾಸಕಾರ ನಾರ್ಮನ್ ಸ್ಟಿಲ್ಮನ್‌ಗೆ ಆ ಹೆಣಿಗೆಯಡಿಯ ಅವಮಾನ ಕಂಡಿತು. 1994ರಲ್ಲಿ ಮೊರಾಕೊದವರೇ ಆದ ಮೊಹಮ್ಮದ್ ಕೆನ್ಬಿಬ್, 1859ರಿಂದ 1948ರವರೆಗಿನ ಚರಿತ್ರೆಯ ಮೇಲೆ ದೊಡ್ಡ ಗ್ರಂಥ ತಂದರು. ಯುರೋಪಿನ ರಾಯಭಾರಿ ಕಚೇರಿಗಳು ಯಹೂದಿ ವರ್ತಕರಿಗೆ ರಕ್ಷಣಾಪತ್ರ ಹಂಚಿ ಅವರನ್ನು ಸುಲ್ತಾನನ ಕೈಯಿಂದ ತಪ್ಪಿಸಿದ್ದೇ ಹಳೆಯ ಹೊಂದಾಣಿಕೆ ಹದಗೆಡಲು ಕಾರಣ ಎನ್ನುವುದು ಅವರ ನಿಲುವು. ವಾದದಲ್ಲಿ ಹುರುಳಿದೆ, ಆದರೆ 1465ರಲ್ಲೂ 1790ರಲ್ಲೂ ಅಂಥ ರಕ್ಷಣಾಪತ್ರಗಳ ಕಾಟವಿರಲಿಲ್ಲ.

ಸುಲ್ತಾನ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯಿಂದ ಈ ಕ್ಷೇತ್ರವನ್ನು ಬಿಡಿಸಿದ್ದು ವ್ಯಾಪಾರದ ಲೆಕ್ಕ ಮತ್ತು ಕೋರ್ಟು ಕಾಗದ. ಡೇನಿಯಲ್ ಶ್ರೋಟರ್ 1988ರಲ್ಲಿ ಎಸ್ಸೌಯಿರಾ ಬಂದರಿನ ವರ್ತಕರ ಬಗ್ಗೆ ಬರೆದರು. ‘ಸುಲ್ತಾನನ ವರ್ತಕರು’ ಎನಿಸಿಕೊಂಡ ಈ ಯಹೂದಿಗಳು ಅರಮನೆಯಿಂದ ಮನೆ, ಸಾಲ ಪಡೆದು ಯುರೋಪಿನೊಂದಿಗೆ ವ್ಯಾಪಾರ ಮಾಡುತ್ತಿದ್ದರು. ಸಾಲ ತೀರದವನು ಊರು ಬಿಡುವಂತಿಲ್ಲ. ದೊರೆಗೂ ಅವನಿಲ್ಲದೆ ಸುಂಕದ ಹಣವಿಲ್ಲ. 2002ರಲ್ಲಿ ಶ್ರೋಟರ್ ಲಂಡನ್ನಿನವರೆಗೂ ವ್ಯವಹಾರ ಹರಡಿದ್ದ ಮೇಯರ್ ಮಕ್ನಿನ್ ಎಂಬ ಒಬ್ಬನೇ ವರ್ತಕನ ಬಾಳನ್ನು ಹಿಡಿದು ಈ ಪರಸ್ಪರ ಹಂಗನ್ನು ಬಿಡಿಸಿಟ್ಟರು. ಎಮಿಲಿ ಗಾಟ್‌ರೈಖ್ 2007ರಲ್ಲಿ ಮರ್ರಾಕೇಶ್ ಮೆಲ್ಲಾದ ಒಳಹೊರಗಿನ ಓಡಾಟವನ್ನು ತೋರಿಸಿದರು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಕಲಿಸುವುದು ಜೆಸಿಕಾ ಮಾರ್ಗ್ಲಿನ್ 2016ರಲ್ಲಿ ಬರೆದ ಪುಸ್ತಕ. ಫೆಜ್‌ನ ಅಸ್ಸರ್ರಾಫ್ ಕುಟುಂಬದ ಕಾಗದಪತ್ರಗಳನ್ನು ಹಿಡಿದು ಹೊರಟ ಅವರು, ಯಹೂದಿಗಳು ಬಾಕಿ ವಸೂಲಿಗಾಗಿ ಷರಿಯಾ ಕೋರ್ಟಿಗೆ ದಿನನಿತ್ಯವೆಂಬಂತೆ ಹೋಗುತ್ತಿದ್ದುದನ್ನು ತೋರಿಸುತ್ತಾರೆ. ಅಲ್ಲಿ ಆಗದಿದ್ದರೆ ಸುಲ್ತಾನನ ಸರ್ಕಾರಕ್ಕೇ ಅರ್ಜಿ. ಅರ್ಜಿ ಬರೆಯುವವನಿಗೆ ಭಯವಿಲ್ಲವೆಂದಲ್ಲ. ಭಯದ ಜೊತೆಗೆ ಜಾಣ್ಮೆಯೂ ಇತ್ತು. ಕಾಪಾಡಬೇಕಾದದ್ದು ನಿನ್ನ ಕರ್ತವ್ಯ ಎಂದು ದೊರೆಗೆ ನೆನಪಿಸುವುದು ಕೈಲಾಗದವರ ಗೋಳಾಟವಷ್ಟೇ ಅಲ್ಲ.

ಅತಿ ಸೂಕ್ಷ್ಮವಾದ ಜಾಗ ಎರಡನೇ ಮಹಾಯುದ್ಧದ್ದು. ಸುಲ್ತಾನ ಐದನೆಯ ಮೊಹಮ್ಮದ್ ತನ್ನ ಯಹೂದಿಗಳನ್ನು ನಾಜಿಗಳಿಂದ ಉಳಿಸಿದ ಎಂಬ ಮಾತು ಮೊರಾಕೊದಲ್ಲೂ ಇಸ್ರೇಲಿನ ಮೊರಾಕೊ ಮೂಲದವರಲ್ಲೂ ಮನೆಮಾತು. ರೋಬೆರ್ ಅಸ್ಸರಾಫ್ 1997ರ ಪುಸ್ತಕದಲ್ಲಿ ದೊರೆಯ ಪರ ನಿಂತರು. ನಾಜಿಗಳು ಯಹೂದಿಗಳಿಗೆ ತೊಡಿಸುತ್ತಿದ್ದ ಹಳದಿ ನಕ್ಷತ್ರವನ್ನು ತಾನೂ ಧರಿಸುವೆನೆಂದು ದೊರೆ ಹೇಳಿದ ಕಥೆಗೆ ಮಾತ್ರ ಆಧಾರವಿಲ್ಲ. ಮೊರಾಕೊದಲ್ಲಿ ಆ ನಕ್ಷತ್ರ ಜಾರಿಗೇ ಬಂದಿರಲಿಲ್ಲ. ವಿಶಿ ಫ್ರಾನ್ಸ್ ರೂಪಿಸಿದ ಯಹೂದಿ ವಿರೋಧಿ ಶಾಸನಗಳು 1940ರ ಅಕ್ಟೋಬರ್ 31ರಂದು ಮತ್ತು 1941ರ ಆಗಸ್ಟ್ 5ರಂದು ಸುಲ್ತಾನನ ಮುದ್ರೆಯೊಂದಿಗೇ ಹೊರಬಿದ್ದವು. ಮೊರಾಕೊ ಆಗ ಫ್ರಾನ್ಸಿನ ಹಿಡಿತದಲ್ಲಿತ್ತು; ಅಧಿಕಾರ ಫ್ರೆಂಚರದ್ದು, ಮುದ್ರೆ ಅವನದ್ದು. ಅವನ ಸಹಾನುಭೂತಿ ನಿಜವಿದ್ದೀತು, ಆದರೆ 1942ರ ನವೆಂಬರಿನಲ್ಲಿ ಅಮೆರಿಕನ್ ಪಡೆಗಳು ಇಳಿಯದಿದ್ದರೆ ಅದು ಎಷ್ಟು ದೂರ ನಡೆಯುತ್ತಿತ್ತೆಂದು ಹೇಳಲು ಧೈರ್ಯ ಬೇಕು.

1948ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಸಮುದಾಯ ಕೆಲವೇ ದಶಕಗಳಲ್ಲಿ ಕರಗಿತು. ಆ ವರ್ಷದ ಜೂನಿನಲ್ಲಿ ಔಜ್ದಾ ಮತ್ತು ಜೆರಾದಾದಲ್ಲಿ ಯಹೂದಿ ವಿರೋಧಿ ಗಲಭೆಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯ ಬಂದ 1956ರಲ್ಲಿ ಯಹೂದಿ ವೈದ್ಯ ಲಿಯೋನ್ ಬೆನ್ಜಾಕೆನ್ ಮಂತ್ರಿಯಾದರು. ಅದೇ ಹೊತ್ತಿಗೆ ಇಸ್ರೇಲಿಗೆ ವಲಸೆ ಹೋಗುವುದಕ್ಕೆ ತಡೆ ಬಿತ್ತು. ತಲೆಗಿಷ್ಟು ಡಾಲರ್ ಎಂಬ ಲೆಕ್ಕದಲ್ಲಿ ಮುಂದಿನ ದೊರೆ ಎರಡನೆಯ ಹಸನ್ ಬಾಗಿಲು ತೆರೆದ ಗುಪ್ತ ಒಪ್ಪಂದದ ವಿವರಗಳನ್ನು ಯಿಗಾಲ್ ಬಿನ್-ನೂನ್ ಹೊರಗೆಳೆದಿದ್ದಾರೆ. 1961ರಿಂದ 1964ರೊಳಗೆ 90,000ಕ್ಕೂ ಹೆಚ್ಚು ಮಂದಿ ಹೊರಟರು.

ಉಳಿದವರಲ್ಲಿ ಅರಮನೆಗೆ ತಲೆಬಾಗದವರೂ ಇದ್ದರು ಎಂಬುದನ್ನು ಆಲ್ಮಾ ಹೆಕ್ಮನ್ ಯಹೂದಿ ಕಮ್ಯುನಿಸ್ಟರ ಕುರಿತ 2021ರ ಪುಸ್ತಕದಲ್ಲಿ ತೋರಿಸಿದರು. ಅಂಥವರಲ್ಲೊಬ್ಬರಾದ ಅಬ್ರಹಾಂ ಸೆರ್ಫಾತಿ ಹಸನ್ ಆಳ್ವಿಕೆಯಲ್ಲಿ 17 ವರ್ಷ ಜೈಲಿನಲ್ಲಿದ್ದರು. 1991ರಲ್ಲಿ ಸೆರ್ಫಾತಿಯನ್ನು ದೇಶದಿಂದ ಹೊರಹಾಕಲಾಯಿತು. ಅದೇ ವರ್ಷ ಇನ್ನೊಬ್ಬ ಯಹೂದಿ, ಎಸ್ಸೌಯಿರಾದ ಆಂದ್ರೆ ಅಜೂಲೆ, ದೊರೆಯ ಸಲಹೆಗಾರರಾದರು. ಯಹೂದಿಗಳಿಗೆ ತೋರಿದ ಔದಾರ್ಯವನ್ನೇ ಆಳ್ವಿಕೆಯ ಔದಾರ್ಯವೆಂದು ಓದುವವರು ಈ ಎರಡನ್ನೂ ಒಟ್ಟಿಗಿಟ್ಟು ನೋಡಬೇಕು.

ಔಮರ್ ಬೂಮ್ 2013ರಲ್ಲಿ ದಕ್ಷಿಣ ಮೊರಾಕೊದ ಮುಸ್ಲಿಮರ ನೆನಪುಗಳನ್ನು ತಲೆಮಾರಿಗೊಂದರಂತೆ ದಾಖಲಿಸಿದರು: ಅಜ್ಜಂದಿರಿಗೆ ಯಹೂದಿ ನೆರೆಯವ, ಮೊಮ್ಮಕ್ಕಳಿಗೆ ಟೀವಿಯಲ್ಲಿ ಕಾಣುವ ಸೈನಿಕ. ಅರಮನೆಯ ದಾರಿ ಇದಕ್ಕೆ ವಿರುದ್ಧವಾದದ್ದು. 2011ರ ಸಂವಿಧಾನದ ಪೀಠಿಕೆ ಹೀಬ್ರೂ ಪರಂಪರೆಯನ್ನು ರಾಷ್ಟ್ರದ ಗುರುತಿನಲ್ಲಿ ಸೇರಿಸಿತು. ಅದೇ ಸಂವಿಧಾನದಲ್ಲಿ ದೊರೆ ಅನುಲ್ಲಂಘನೀಯ ವ್ಯಕ್ತಿ. ಉಳಿದಿರುವ ಕೆಲವೇ ಸಾವಿರ ಯಹೂದಿಗಳ ಮದುವೆ, ವಿಚ್ಛೇದನ, ಉತ್ತರಾಧಿಕಾರದ ವ್ಯಾಜ್ಯಗಳು ಇಂದಿಗೂ ಅವರದೇ ಧರ್ಮಶಾಸ್ತ್ರದಂತೆ, ಸರ್ಕಾರ ನೇಮಿಸಿದ ರಬ್ಬಿ-ನ್ಯಾಯಾಧೀಶರ ಮುಂದೆ ತೀರ್ಮಾನವಾಗುತ್ತವೆ. ದೇಶದ ಬೇರೆಲ್ಲ ತೀರ್ಪುಗಳಂತೆ ಇವೂ ಹೊರಬೀಳುವುದು ದೊರೆಯ ಹೆಸರಿನಲ್ಲಿ.