ವಿಟಮಿನ್ ಡಿ ಮತ್ತು ವಯಸ್ಸಾದ ಮಹಿಳೆಯರ ಹೃದ್ರೋಗ

ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುವ ಹಿರಿಯ ಮಹಿಳೆಯರಲ್ಲಿ ಹೃದ್ರೋಗ ಹೆಚ್ಚೆಂದು ಹಲವು ಸಮೀಕ್ಷೆಗಳು ತೋರಿಸಿವೆ. ಕೊರತೆಯೇ ಕಾರಣವೆಂದು ಇದರಿಂದ ಸಿದ್ಧವಾಗದು: ಮಂಡಿನೋವಿನಿಂದ ಮನೆಯೊಳಗೇ ಉಳಿದವರಿಗೆ ಬಿಸಿಲೂ ಇಲ್ಲ, ನಡಿಗೆಯೂ ಇಲ್ಲ, ಬೊಜ್ಜಿದ್ದವರಲ್ಲಿ ಈ ವಿಟಮಿನ್ ಕೊಬ್ಬಿನಲ್ಲಿ ಸೇರಿಕೊಂಡು ರಕ್ತದಲ್ಲಿ ಕಡಿಮೆ ಕಾಣುತ್ತದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಧ್ಯಯನ, ಮುಟ್ಟು ನಿಂತ, 50ರಿಂದ 79 ವಯಸ್ಸಿನ 36,282 ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಿನಕ್ಕೆ 1,000 ಮಿ.ಗ್ರಾಂ. ಕ್ಯಾಲ್ಸಿಯಂ, 400 ಐಯು (ಅಂತರರಾಷ್ಟ್ರೀಯ ಘಟಕ) ವಿಟಮಿನ್ ಡಿ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು 7 ವರ್ಷ ಗಮನಿಸಿತು. ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ತಗ್ಗಲಿಲ್ಲ (2007). ಪ್ರಮಾಣ ಸಾಲದಾಯಿತೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ವೈಟಲ್ ಎಂಬ ಇನ್ನೊಂದು ಪ್ರಯೋಗದಲ್ಲಿ ಸ್ತ್ರೀಪುರುಷರಿಬ್ಬರಿಗೂ ದಿನಕ್ಕೆ 2,000 ಐಯು ಕೊಟ್ಟಾಗಲೂ ಫಲ ಕಾಣಲಿಲ್ಲ (2018). ಕೊರತೆ ದೃಢಪಟ್ಟವರಿಗೆ ವೈದ್ಯರು ಈ ಮಾತ್ರೆ ಬರೆಯುವುದು ಮುಖ್ಯವಾಗಿ ಮೂಳೆಯ ಸಲುವಾಗಿ.