ಪಲ್ಸ್ಡ್ ಪವರ್: ಪ್ರಯೋಗಾಲಯದ ಸಿಡಿಲು

ವಿದ್ಯುತ್ ಶಕ್ತಿಯನ್ನು ನಿಧಾನವಾಗಿ ಸಂಗ್ರಹಿಸಿ, ಅತ್ಯಲ್ಪ ಕಾಲದಲ್ಲಿ ಒಮ್ಮೆಗೇ ಬಿಡುಗಡೆ ಮಾಡುವ ತಂತ್ರವೇ ಪಲ್ಸ್ಡ್ ಪವರ್. 100 ವಾಟ್‌ನ ಬಲ್ಬು 10 ಸೆಕೆಂಡು ಉರಿಯಲು ಬೇಕಾಗುವುದು 1,000 ಜೂಲ್ ಶಕ್ತಿ. ಅಷ್ಟನ್ನೇ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಹರಿಸಿದರೆ ಆ ಕ್ಷಣದ ಸರಾಸರಿ ಸಾಮರ್ಥ್ಯ 1,000 ಮೆಗಾವಾಟ್! ಆದ್ದರಿಂದಲೇ ಚಿಕ್ಕ ಪ್ರಯೋಗಾಲಯವೂ ಅನಿಲವನ್ನು ಪ್ಲಾಸ್ಮಾ ಸ್ಥಿತಿಗೆ ತಂದು ಅಧ್ಯಯನ ಮಾಡಬಲ್ಲದು.

ಈ ಕ್ಷೇತ್ರದ ಪ್ರಮುಖ ಸಾಧನ ಮಾರ್ಕ್ಸ್ ಜನರೇಟರ್. ಜರ್ಮನಿಯ ಎಂಜಿನಿಯರ್ ಎರ್ವಿನ್ ಮಾರ್ಕ್ಸ್ 1924ರಲ್ಲಿ ಇದನ್ನು ವಿವರಿಸಿದರು. ಕೆಪಾಸಿಟರ್‌ಗಳು ಸಮಾಂತರವಾಗಿ ಚಾರ್ಜ್ ಆಗುತ್ತವೆ. ನಡುವಣ ಅಂತರಗಳಲ್ಲಿ ಕಿಡಿ ಹಾರಿದೊಡನೆ ಸರಣಿಯಾಗಿ ಕೂಡಿಕೊಂಡು, ಎಲ್ಲದರ ವೋಲ್ಟೇಜ್ ಒಟ್ಟಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈವೋಲ್ಟೇಜ್ ಪ್ರಯೋಗಾಲಯದಲ್ಲಿ ಇದೇ ತತ್ತ್ವದ ಇಂಪಲ್ಸ್ ಜನರೇಟರ್ ಇದೆ. ಅದು ಹುಟ್ಟಿಸುವುದು ಕೃತಕ ಸಿಡಿಲನ್ನು. ಸಿಡಿಲಿನ ಪ್ರಮಾಣಿತ ಅಲೆ 1.2 ಮೈಕ್ರೋಸೆಕೆಂಡಿನಲ್ಲಿ ಶಿಖರಕ್ಕೇರಿ, 50 ಮೈಕ್ರೋಸೆಕೆಂಡಿನ ಹೊತ್ತಿಗೆ ಅರ್ಧಕ್ಕಿಳಿಯುತ್ತದೆ. ನೆಲಮಂಗಲದ 400 ಕಿಲೋವೋಲ್ಟ್ ವಿದ್ಯುತ್ ಸ್ವೀಕರಣಾ ಕೇಂದ್ರದಂಥ ಕಡೆ ಬಳಸುವ ಉಪಕರಣಗಳು ಇಂತಹ ಅಲೆಯನ್ನು ತಾಳಿಕೊಳ್ಳಲೇಬೇಕು.

ಪ್ಲಾಸ್ಮಾ ಪ್ರಯೋಗಗಳಿಗೆ ವೋಲ್ಟೇಜ್‌ನಷ್ಟೇ ಪ್ರವಾಹವೂ ಮುಖ್ಯ. ಅಮೆರಿಕದ ಸಾಂಡಿಯಾ ಪ್ರಯೋಗಾಲಯದ ‘ಝಡ್’ ಯಂತ್ರ ಸುಮಾರು 2.6 ಕೋಟಿ ಆಂಪಿಯರ್ ಹರಿಸಿ, ಅದರ ಕಾಂತಕ್ಷೇತ್ರದಿಂದಲೇ ಪ್ಲಾಸ್ಮಾವನ್ನು ಹಿಂಡುತ್ತದೆ.

ಸಾಧನ ಚಿಕ್ಕದೆಂದು ಅಪಾಯ ಚಿಕ್ಕದಲ್ಲ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣಾಂತಕ ವಿದ್ಯುತ್ ಉಳಿದಿರಬಹುದು. ಖಾಲಿ ಮಾಡಿದ ಬಳಿಕವೂ ವೋಲ್ಟೇಜ್ ಮತ್ತೆ ತಲೆಯೆತ್ತಬಹುದು. ಆದ್ದರಿಂದ ಅರ್ತಿಂಗ್ ಸರಳನ್ನು ತಗುಲಿಸಿದ ಮೇಲಷ್ಟೇ ಸಾಧನದ ಬಳಿ ಹೋಗಬೇಕು, ಕೆಲಸ ಮುಗಿಯುವವರೆಗೂ ಅದನ್ನು ತೆಗೆಯಬಾರದು.