ಘಟ್ಟದಾಚೆಯ ಭಟ್ಟಿಗಳು: ಹುಬ್ಬಳ್ಳಿ-ಧಾರವಾಡದಿಂದ ಫೆನಿಯ ನಾಡಿಗೆ

ಅವಳಿ ನಗರದ ಗೆಳೆಯರ ಗುಂಪೊಂದು ‘ಗೋವಾಕ್ಕ ಹೊಂಟೇವಿ’ ಎಂದರೆ ಉದ್ದೇಶವೇನೆಂದು ಮನೆಯ ಹಿರಿಯರು ಕೇಳುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ಹಾಗೆ ಹೊರಟವರಲ್ಲಿ ಹೆಚ್ಚಿನವರು ಕಡಲ ದಂಡೆ ಕಂಡು, ಅಗ್ಗದ ಬಿಯರ್ ಕುಡಿದು ಮರಳುತ್ತಾರೆ. ಆದರೆ ಘಟ್ಟ ಇಳಿದ ಕೂಡಲೇ ಎದುರಾಗುವ ಗೇರು ತೋಟಗಳಲ್ಲಿ ಬೇಸಿಗೆಯ ಮೂರು ತಿಂಗಳು ನಡೆಯುವ ಫೆನಿ ತಯಾರಿಕೆ, ಕುಡಿಯದವರೂ ನೋಡಬೇಕಾದ ಕಸುಬು.

ಫೆನಿ ಎಂಬುದು ಗೇರುಹಣ್ಣಿನ ರಸವನ್ನು ಹುಳಿಸಿ ಬಟ್ಟಿ ಇಳಿಸಿದ ಮದ್ಯ. ದಕ್ಷಿಣ ಗೋವಾದಲ್ಲಿ ತೆಂಗಿನ ಕಳ್ಳಿನಿಂದಲೂ ಫೆನಿ ತೆಗೆಯುತ್ತಾರೆ. ಗೇರುಮರವನ್ನು ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು 16ನೇ ಶತಮಾನದಲ್ಲಿ. ಅಲುಗಿಸಿದಾಗ ಏಳುವ ನೊರೆಯಿಂದ ಈ ಹೆಸರು ಬಂದಿತೆನ್ನುತ್ತಾರೆ. ‘ಫೇನ’ ಎಂದರೆ ನೊರೆ ಎಂಬುದನ್ನು ಸಂಸ್ಕೃತ ಬಲ್ಲ ಕನ್ನಡಿಗರಿಗೆ ಹೇಳಬೇಕಿಲ್ಲ.

ದಾರಿ ಮತ್ತು ಕಾಲ

ಭಟ್ಟಿಗಳು ಉರಿಯುವುದು ಮಾರ್ಚ್‌ನಿಂದ ಮೇ ಅಂತ್ಯದವರೆಗೆ ಮಾತ್ರ. ಡಿಸೆಂಬರ್ ರಜೆಯಲ್ಲಿ ಹೋದವರಿಗೆ ಅಂಗಡಿಯ ಸೀಸೆಗಳಷ್ಟೇ ಕಾಣುತ್ತವೆ.

ದಾರಿಗಳು ಎರಡು. ಧಾರವಾಡದಿಂದ ಅಳ್ನಾವರ, ರಾಮನಗರ ಹಾದು ಅನಮೋಡ ಘಟ್ಟ ಇಳಿದರೆ ಮೊಲೆಂ, ಮುಂದೆ ಫೋಂಡಾ. ಇನ್ನೊಂದು, ಪಿ.ಬಿ. ರಸ್ತೆಯಲ್ಲಿ ಸುಮಾರು 80 ಕಿ.ಮೀ. ಸಾಗಿ ಬೆಳಗಾವಿ ಮುಟ್ಟಿ, ಅಲ್ಲಿಂದ ಜಾಂಬೋಟಿ, ಕಣಕುಂಬಿಯ ಮೂಲಕ ಚೋರ್ಲಾ ಘಟ್ಟ ಇಳಿಯುವುದು. ಎರಡನೆಯದು ಸುತ್ತು. ಆದರೆ ಅದು ನೇರವಾಗಿ ಸತ್ತರಿ ತಾಲ್ಲೂಕಿಗೆ ಇಳಿಯುತ್ತದೆ. ಗೋವಾದಲ್ಲಿ ಗೇರು ಹೇರಳವಾಗಿ ಬೆಳೆಯುವುದು ಅಲ್ಲಿಯೇ.

ಕಣಕುಂಬಿಯಲ್ಲಿ ಕಾರು ನಿಲ್ಲಿಸುವುದು ಒಳ್ಳೆಯದು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ನವಿಲುತೀರ್ಥದ ಜಲಾಶಯದಿಂದ ನೀರು ಕೊಡುವ ಮಲಪ್ರಭೆ ಹುಟ್ಟುವುದು ಇಲ್ಲಿ. ಎರಡು ರಾಜ್ಯಗಳ ನಡುವಿನ ವ್ಯಾಜ್ಯಕ್ಕೆ ಕಾರಣವಾದ ಕಳಸಾ ಹಳ್ಳವೂ ಇಲ್ಲೇ ಇದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಮದ್ಯ ಅರಸಿ ಹೊರಟವರು ತಮ್ಮ ಕುಡಿಯುವ ನೀರಿನ ಮೂಲವನ್ನೇ ದಾಟಿ ಹೋಗುತ್ತಾರೆಂಬುದು ಈ ದಾರಿಯ ಸ್ವಾರಸ್ಯ.

ಭಟ್ಟಿಯಲ್ಲಿ ನಡೆಯುವುದು

ಫೆನಿಗೆ ಹಣ್ಣನ್ನು ಮರದಿಂದ ಕೀಳುವ ರೂಢಿಯಿಲ್ಲ. ಪೂರ್ಣ ಮಾಗಿ ತಾನಾಗಿ ಉದುರಿದ ಹಣ್ಣನ್ನು ಬೆಳಿಗ್ಗೆ ಆಯ್ದು, ಬೀಜ ಬೇರ್ಪಡಿಸುತ್ತಾರೆ. ಬಂಡೆಯಲ್ಲಿ ಕಡೆದ ತೊಟ್ಟಿಗೆ ಕೊಳಂಬಿ ಎಂದು ಹೆಸರು. ಅದರಲ್ಲಿ ಹಣ್ಣು ಸುರಿದು ಕಾಲಿನಿಂದ ತುಳಿದರೆ ರಸ ಕಿಂಡಿಯಲ್ಲಿ ಹರಿಯುತ್ತದೆ. ಈಗ ಹಲವೆಡೆ ಯಂತ್ರಗಳು ಬಂದಿವೆ. ತುಳಿದು ಉಳಿದ ಜಿಗಟನ್ನು ಬಳ್ಳಿ ಸುತ್ತಿ ಗುಪ್ಪೆ ಮಾಡಿ, ಮೇಲೆ ಭಾರದ ಕಲ್ಲು ಹೇರಿದಾಗ ತೊಟ್ಟಿಕ್ಕುವ ತಿಳಿರಸವೇ ನೀರೊ. ಇದರಲ್ಲಿ ಮದ್ಯದ ಅಂಶವಿಲ್ಲ. ತಂಪು ಮಾಡಿ ಅಂದಂದೇ ಕುಡಿಯಬೇಕು. ಮರುದಿನಕ್ಕೆ ಅದು ಬೇರೆಯೇ ಪದಾರ್ಥ.

ತುಳಿದು ಬಂದ ರಸವನ್ನು ಮಣ್ಣಿನ ಕೊಡಗಳಲ್ಲೋ ಪೀಪಾಯಿಗಳಲ್ಲೋ ಕೆಲವು ದಿನ ಹುಳಿಯಲು ಬಿಡುತ್ತಾರೆ. ಯೀಸ್ಟ್ ಬೆರೆಸುವುದಿಲ್ಲ, ಸಕ್ಕರೆ ಹಾಕುವುದಿಲ್ಲ. ಹಣ್ಣಿನ ಮೇಲೆ ಸಹಜವಾಗಿ ಇರುವ ಸೂಕ್ಷ್ಮಜೀವಿಗಳೇ ಸಾಕು. ಬಳಿಕ ಆ ಹುಳಿರಸವನ್ನು ‘ಭಾಣ’ ಎಂಬ ತಾಮ್ರದ ಹಂಡೆಗೆ ತುಂಬಿ ಸೌದೆಯ ಉರಿಯಲ್ಲಿ ಕುದಿಸಿದಾಗ, ಆವಿ ಕೊಳವೆಯ ಮೂಲಕ ಸಾಗಿ ತಣ್ಣೀರಿನಿಂದ ತಂಪಾಗಿಸಿದ ಇನ್ನೊಂದು ಪಾತ್ರೆಯಲ್ಲಿ ಹನಿಯಾಗುತ್ತದೆ.

ಮೊದಲ ಬಾರಿ ಇಳಿದದ್ದು ಉರಾಕ್. ಇದು ಹದವಾದದ್ದು, ಬಹುಕಾಲ ಇಡಲು ಬಾರದು, ಆದ್ದರಿಂದ ಆಯಾ ವರ್ಷದ ಬೇಸಿಗೆಯಲ್ಲೇ ಮುಗಿಯುತ್ತದೆ. ಉರಾಕ್‌ಗೆ ಮತ್ತೆ ಹುಳಿರಸ ಬೆರೆಸಿ ಎರಡನೆಯ ಬಾರಿ ಇಳಿಸಿದಾಗ ಫೆನಿ. ಸೀಸೆಯಲ್ಲಿ ಬರುವ ಫೆನಿಯಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ. 42ರ ಆಸುಪಾಸು, ಅಂದರೆ ವಿಸ್ಕಿಗಿಂತ ಕಡಿಮೆಯೇನಲ್ಲ. ಅದರ ವಾಸನೆ ಹೊಸಬರಿಗೆ ಸಹ್ಯವಾಗದು. ಸಹ್ಯವಾಯಿತೆಂದು ಮೊದಲ ದಿನವೇ ಹೇಳುವವರ ಮಾತನ್ನು ಪೂರ್ತಿ ನಂಬಬೇಕಿಲ್ಲ.

ಈ ಭಟ್ಟಿಗಳೆಲ್ಲ ಗೋವಾ ಅಬಕಾರಿ ಇಲಾಖೆಯ ಪರವಾನಗಿಗೆ ಒಳಪಟ್ಟವು. ಕೆಲಸದ ಮನೆಗಳಾದ್ದರಿಂದ ಮೊದಲೇ ವಿಚಾರಿಸಿ ಹೋಗಬೇಕು. ವ್ಯವಸ್ಥಿತ ವೀಕ್ಷಣೆ ಬಯಸುವವರಿಗೆ ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ ಪಾಲ್ ಜಾನ್ ಸಿಂಗಲ್ ಮಾಲ್ಟ್ ವಿಸ್ಕಿಯ ಘಟಕವಿದೆ. ಅದರ ಒಡೆತನ ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಸಂಸ್ಥೆಯದು. ಈ ವಿಸ್ಕಿ ಮೊದಲು ಮಾರುಕಟ್ಟೆಗೆ ಬಂದದ್ದು 2012ರಲ್ಲಿ, ಲಂಡನ್ನಿನಲ್ಲಿ.

ಅದೇ ಮರ, ಬೇರೆ ಕಾನೂನು

ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2016ರಲ್ಲಿ ಅಲ್ಲಿನ ಸರ್ಕಾರ ಅದನ್ನು ಪಾರಂಪರಿಕ ಪೇಯವೆಂದು ಸಾರಿತು. ಗಡಿಯ ಈಚೆಗೆ, ಕಾರವಾರ, ಅಂಕೋಲಾ, ಕುಮಟಾ ಕಡೆಯೂ ಅದೇ ಗೇರುಮರಗಳಿವೆ. ಇಲ್ಲಿ ಬೀಜಕ್ಕೆ ಬೆಲೆ. ಬೀಜಕ್ಕಿಂತ ಹಲವು ಪಟ್ಟು ತೂಗುವ ಹಣ್ಣು ಬಹುತೇಕ ಮರದ ಬುಡದಲ್ಲೇ ಕೊಳೆಯುತ್ತದೆ. ಅದನ್ನು ಪರವಾನಗಿಯಿಲ್ಲದೆ ಹುಳಿಸಿ ಇಳಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅಲ್ಲಿ ಭಟ್ಟಿ ಎನಿಸಿಕೊಂಡದ್ದು ಇಲ್ಲಿ ಕಳ್ಳಭಟ್ಟಿ.

ಈ ಅಂತರಕ್ಕೆ ಇತಿಹಾಸವಿದೆ. ಧಾರವಾಡ, ಬೆಳಗಾವಿ, ಕಾರವಾರ ಸೀಮೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಅದೇ ಹೊತ್ತಿನಲ್ಲಿ ಘಟ್ಟದ ಕೆಳಗೆ, 1961ರ ಡಿಸೆಂಬರ್‌ವರೆಗೆ, ಪೋರ್ಚುಗೀಸ್ ಆಡಳಿತದಲ್ಲಿ ಮದ್ಯಕ್ಕೆ ಅಡ್ಡಿಯಿರಲಿಲ್ಲ. ಕ್ಯಾಸಲ್‌ರಾಕ್ ಆಗ ಎರಡು ದೇಶಗಳ ನಡುವಿನ ಗಡಿ ರೈಲು ನಿಲ್ದಾಣ. ಧಾರವಾಡಿಗರ ಮನಸ್ಸಿನಲ್ಲಿ ಗೋವಾ ಎಂದರೆ ಗುಂಡು ಎಂಬ ಸಮೀಕರಣ ಮೂಡಿದ್ದರೆ ಅದಕ್ಕೆ ಪ್ರವಾಸೋದ್ಯಮವೊಂದೇ ಕಾರಣವಲ್ಲ.

ಹಾಗೆಂದು ಕರ್ನಾಟಕದ ಭಯ ನಿರಾಧಾರವೂ ಅಲ್ಲ. ಸಾರಾಯಿಯಿಂದ ಸಂಸಾರಗಳು ಹಾಳಾದವೆಂಬ ಹೆಂಗಸರ ದೀರ್ಘಕಾಲದ ಕೂಗಿನ ನಂತರ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ವಿಷಮದ್ಯ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಇಂಥ ಸಾವುಗಳ ನೆನಪಿರುವ ಸರ್ಕಾರ ಹಳ್ಳಿಯ ಭಟ್ಟಿಗೆ ಪರವಾನಗಿ ಕೊಡಲು ಹಿಂಜರಿಯುವುದು ಸಹಜವೇ. ಆದರೆ ಇದೇ ರಾಜ್ಯ 2010ರಲ್ಲಿ ನಿಯಮ ರೂಪಿಸಿ ನಗರದ ಪಬ್‌ಗಳಲ್ಲೇ ಬಿಯರ್ ತಯಾರಿಕೆಗೆ ಅವಕಾಶ ಕೊಟ್ಟಿತು; ಮರುವರ್ಷ ಬೆಂಗಳೂರಿನಲ್ಲಿ ದಿ ಬಿಯೆರ್ ಕ್ಲಬ್ ಆರಂಭವಾಯಿತು. ವಿದೇಶಿ ಮಾಲ್ಟ್ ಕುದಿಸುವ ಉದ್ಯಮಿಗೆ ಸಿಕ್ಕ ಬಾಗಿಲು ಅಂಕೋಲೆಯ ಗೇರು ಬೆಳೆಗಾರನಿಗೆ ಸಿಕ್ಕಿಲ್ಲ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಹಣ್ಣಿನಿಂದ ರಸ ಮತ್ತಿತರ ಖಾದ್ಯ ತಯಾರಿಸುವ ವಿಧಾನಗಳನ್ನು ರೂಪಿಸಿದ್ದರೂ ಹಣ್ಣಿನ ಒಗರು ಮತ್ತು ಬೇಗ ಕೆಡುವ ಗುಣ ಅದರ ವ್ಯಾಪಾರಕ್ಕೆ ತೊಡಕು.

ಮರಳುವಾಗ

ಅನಮೋಡದಲ್ಲಿ ಕರ್ನಾಟಕ ಅಬಕಾರಿ ಇಲಾಖೆಯ ತಪಾಸಣಾ ಠಾಣೆಯಿದೆ. ಚುನಾವಣೆಯ ದಿನಗಳಲ್ಲಂತೂ ಪ್ರತಿ ಕಾರಿನ ಡಿಕ್ಕಿ ತೆರೆಸಿ ನೋಡುವುದುಂಟು. ಗೋವಾದ ತೆರಿಗೆ ಕಟ್ಟಿದ ಮದ್ಯ ಕರ್ನಾಟಕದ ತೆರಿಗೆ ಕಟ್ಟಿದ್ದಲ್ಲ. ಪರವಾನಗಿಯಿಲ್ಲದೆ ತಂದರೆ ಸರಕಿನ ಜೊತೆ ವಾಹನವೂ ಜಪ್ತಿಯಾಗಬಹುದು. ಅಂಗಡಿಯವ ಕೊಟ್ಟ ಬಿಲ್ಲು ಪರವಾನಗಿಯಲ್ಲ.

ಎರಡೂ ಘಟ್ಟಗಳು ಕಾಡಿನ ನಡುವಿನ ತಿರುವು ರಸ್ತೆಗಳು. ರಾತ್ರಿ ಮಂಜು, ಸರಕು ಲಾರಿಗಳು, ಮಳೆಗಾಲದಲ್ಲಿ ಮಣ್ಣು ಕುಸಿತ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದರೆ, 2019ರ ತಿದ್ದುಪಡಿಯ ನಂತರ, ಮೊದಲ ಬಾರಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. ಗೆಳೆಯರಲ್ಲಿ ಚಕ್ರ ಹಿಡಿಯುವವನು ಯಾರೆಂಬುದು ಧಾರವಾಡ ಬಿಡುವ ಮೊದಲೇ ತೀರ್ಮಾನವಾಗಿರಬೇಕು. ಅವನ ಪಾಲಿಗೆ ನೀರೊ ಇದ್ದೇ ಇದೆ.